ಮಕ್ಕಳಿಗೆ ಅಜ್ಜ-ಅಜ್ಜಿ ಬೇಕಾದರೆ ಡಿಸೆಂಬರಿಗೆ ಮೊದಲೇ ಮೇರಿಗೆ ಹೋಗಿ

ಎಲ್ಲರಿಗೂ ನಮಸ್ಕಾರ. ಅಜ್ಜಿ-ತಾತ ಊರಲ್ಲಿ, ನಾವಿಲ್ಲಿ, ಮಕ್ಕಳಿಗೆ ವಯಸ್ಸಾದವರ ಒಡನಾಟವೇ ಇಲ್ಲ, ಏನು ಮಾಡೋದು ಅಂತ ಮೊನ್ನೆ ಒಬ್ಬರು ಕೇಳಿದ್ದರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಫ್ರಾನ್ಸಿನ ಸಣ್ಣ ಊರಲ್ಲಿದ್ದರೆ ಡಿಸೆಂಬರ್ ಶುರುವಾಗುವ ಮೊದಲೇ ಮೇರಿಗೆ ಹೋಗಿ, ವಯಸ್ಸಾದವರಿಗೆ ಕೊಡೋ ಉಡುಗೊರೆ ಪೆಟ್ಟಿಗೆ ಹಂಚೋದಕ್ಕೆ ನಾವೂ ಬರುತ್ತೇವೆ ಅಂತ ಹೇಳಿ.

ಮೇರಿ ಅಂದರೆ ಯಾರೋ ಹೆಂಗಸಲ್ಲ! ನಮ್ಮ ಪಂಚಾಯ್ತಿ ಆಫೀಸ್ ಇದ್ದ ಹಾಗೆ. ಈ ದೇಶದಲ್ಲಿ ಸುಮಾರು 35,000 ಕಮ್ಯೂನ್‌ಗಳಿವೆ, ಅಂದರೆ ಸ್ವಂತ ಆಡಳಿತ ಇರುವ ಊರುಗಳು. ಹೆಚ್ಚುಕಡಿಮೆ ಅರ್ಧದಷ್ಟು ಕಡೆ 500 ಜನ ಕೂಡ ಇಲ್ಲ, ಆದರೂ ಒಂದೊಂದಕ್ಕೂ ಒಬ್ಬ ಮೇಯರ್. ಅಷ್ಟು ಚಿಕ್ಕ ಊರಲ್ಲಿ ಯಾವ ಮನೆಯಲ್ಲಿ ಯಾರು ಒಂಟಿಯಾಗಿದ್ದಾರೆ ಅನ್ನೋದು ಗೊತ್ತಾಗದೆ ಇರುತ್ತಾ?

ನಾವಿರೋದು ತುಲೂಸ್ ಹತ್ತಿರದ ಒಂದು ಹಳ್ಳಿ. ಚಳಿಗಾಲ ಬರುವ ಮುಂಚೆ ವಯಸ್ಸಾದವರಿಗೆ ಮೇರಿಯಿಂದ ಕಾಗದ ಬರುತ್ತದೆ: ಊಟಕ್ಕೆ ಬರುತ್ತೀರಾ, ಮನೆಗೇ ಪೆಟ್ಟಿಗೆ ಕಳಿಸಬೇಕಾ? ಎಷ್ಟು ವಯಸ್ಸು ಅನ್ನೋದು ಒಂದೊಂದು ಊರಲ್ಲಿ ಒಂದೊಂದು. ಕೆಲವು ಕಡೆ 65, ಕೆಲವು ಕಡೆ 70, 75. ದುಡ್ಡು ಸಾಲದಾದಾಗ ವಯಸ್ಸಿನ ಮಿತಿ ಮೇಲೇರಿಸುವುದೂ ಉಂಟು. ಆಗ ಊರಲ್ಲಿ ಗೊಣಗಾಟ ಕೇಳಬೇಕು!

ಊಟ ಅಂದರೆ ಊರಿನ ಹಾಲ್‌ನಲ್ಲಿ ಮಧ್ಯಾಹ್ನ ಶುರುವಾಗಿ ಸಂಜೆವರೆಗೆ. ಅಕಾರ್ಡಿಯನ್ ಇರುತ್ತದೆ, ಕುಣಿತ ಇರುತ್ತದೆ, ಕೊನೆಗೆ ಮರದ ದಿಮ್ಮಿಯ ಆಕಾರದ ಕೇಕ್. ಪೆಟ್ಟಿಗೆಗೆ ಇಲ್ಲಿ ಕೊಲಿ ಅಂತಾರೆ. ನಮ್ಮ ಕಡೆ ಫ್ವಾ ಗ್ರಾ (ಕೊಬ್ಬಿಸಿದ ಬಾತುಕೋಳಿಯ ಲಿವರ್), ತೆರೀನ್ ಅನ್ನೋ ಅಚ್ಚಿನಲ್ಲಿ ಬೇಯಿಸಿದ ಮಾಂಸ, ಒಂದು ಬಾಟಲಿ ವೈನ್, ಚಾಕೊಲೇಟ್. ನಮ್ಮಂಥ ಸಸ್ಯಾಹಾರಿಗಳಿಗೆ ಚಾಕೊಲೇಟ್ ಒಂದೇ ಗತಿ.

ಎರಡು ವರ್ಷದ ಹಿಂದೆ ಮಗಳು ಹಂಚೋದಕ್ಕೆ ಹೋದಳು. ಆಗ ಅವಳಿಗೆ ಹತ್ತು ವರ್ಷ. ಕೌನ್ಸಿಲರ್ ಒಬ್ಬರ ಜೊತೆ ನಾನೂ ಹೋದೆ. ಪೆಟ್ಟಿಗೆ ಕೊಟ್ಟು ಬರೋದು ಎರಡು ನಿಮಿಷದ ಕೆಲಸ ಅಂದುಕೊಂಡಿದ್ದೆ. ಒಂಬತ್ತು ಮನೆಗೆ ಇಡೀ ಮಧ್ಯಾಹ್ನ ಹೋಯಿತು. ಆಮೇಲೆ ಗಮನಿಸಿದೆ, ಆ ಕೌನ್ಸಿಲರಮ್ಮ ಮಾತಾಡುತ್ತಲೇ ಎಲ್ಲ ನೋಡುತ್ತಿದ್ದರು. ಅಂಚೆ ಡಬ್ಬಿ ತುಂಬಿ ತುಳುಕುತ್ತಿದೆಯಾ? ಮನೆ ಬೆಚ್ಚಗಿದೆಯಾ? ಮಧ್ಯಾಹ್ನವಾದರೂ ಕಿಟಕಿಯ ಹೊರಬಾಗಿಲು ಮುಚ್ಚೇ ಇದೆಯಾ? ಒಂದು ಮನೆಯಲ್ಲಿ ಹೀಟರ್ ಕೆಟ್ಟು ನಾಲ್ಕು ದಿನವಾಗಿತ್ತು. ಅಜ್ಜ ಯಾರಿಗೂ ಹೇಳಿರಲಿಲ್ಲ. ಅಲ್ಲೇ ನಿಂತು ಫೋನ್ ಮಾಡಿದರು.

ಹೀಗೆ ವಿಚಾರಿಸಿಕೊಳ್ಳೋದರ ಹಿಂದೆ ಒಂದು ನೋವಿದೆ. 2003ರ ಆಗಸ್ಟ್‌ನ ಬಿಸಿಲಿಗೆ ಫ್ರಾನ್ಸಿನಲ್ಲಿ ಸುಮಾರು 15,000 ಜನ ಸತ್ತರು. ಹೆಚ್ಚಿನವರು ವಯಸ್ಸಾದವರು, ಎಷ್ಟೋ ಜನ ಒಂಟಿಯಾಗಿದ್ದವರು. ಮರುವರ್ಷ ಕಾನೂನು ಬಂತು. ಕಷ್ಟ ಬಂದಾಗ ವಿಚಾರಿಸಬೇಕಾದವರ ಪಟ್ಟಿ ಮೇರಿಯಲ್ಲಿ ಇರಬೇಕು, ಬೇಕಾದವರು ಹೆಸರು ಬರೆಸಬಹುದು. ಪೆಟ್ಟಿಗೆ ಪದ್ಧತಿ ಅದಕ್ಕಿಂತ ಹಳೆಯದು. ಆದರೆ ಪಟ್ಟಿಗೆ ಹೆಸರು ಬರೆಸಲು ನಾಚಿಕೊಳ್ಳುವವರೂ ಪೆಟ್ಟಿಗೆಗೆ ಬಾಗಿಲು ತೆಗೆಯುತ್ತಾರೆ.

ನಮ್ಮ ಅಮ್ಮ ಹಾಸನದಿಂದ ಬಂದಿದ್ದಾಗ ಇದನ್ನೆಲ್ಲ ನೋಡಿ, "ಮಕ್ಕಳು ಮಾಡೋ ಕೆಲಸಾನ ಪಂಚಾಯ್ತಿ ಮಾಡುತ್ತಾ? ಮಕ್ಕಳು ಎಲ್ಲಿ ಹೋದರು?" ಅಂದರು. ಪ್ಯಾರಿಸ್‌ಗೆ, ಲಿಯೋಂಗೆ ಅಂದೆ. ಅಮ್ಮ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಎಲ್ಲ ಚೆನ್ನಾಗಿದೆ ಅಂತಲ್ಲ. ವರ್ಷಕ್ಕೊಂದು ಪೆಟ್ಟಿಗೆಯಿಂದ ಒಂಟಿತನ ಹೋಗುತ್ತಾ? 1946ರಿಂದ ಒಂಟಿ ವೃದ್ಧರಿಗಾಗಿ ಕೆಲಸ ಮಾಡುತ್ತಿರುವ ಪೆತಿ ಫ್ರೇರ್ ದೇ ಪೋವ್ರ್ ಸಂಸ್ಥೆ, ಹೆಚ್ಚುಕಡಿಮೆ ಯಾರ ಸಂಪರ್ಕವೂ ಇಲ್ಲದೆ ಬದುಕುವ ವೃದ್ಧರು 5,30,000 ಇದ್ದಾರೆ ಅಂತ 2021ರಲ್ಲಿ ಲೆಕ್ಕ ಕೊಟ್ಟಿತ್ತು. ವೋಟಿಗಾಗಿ ಹಂಚುತ್ತಾರೆ ಅನ್ನುವವರೂ ಇದ್ದಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಚುನಾವಣೆ ಹತ್ತಿರ ಬಂದಾಗ ಮಾಮೂಲಿಗಿಂತ ದೊಡ್ಡ ಪೆಟ್ಟಿಗೆ ಕೊಟ್ಟರೆ ಮೇಯರಿಗೆ ತೊಂದರೆಯಾಗಬಹುದು.

ಮಗಳ ವಿಷಯಕ್ಕೆ ಬರುತ್ತೇನೆ. ಕೊನೆಯ ಮನೆ ಒಬ್ಬ ಅಜ್ಜಿಯದು, 84 ವರ್ಷ. ಪೆಟ್ಟಿಗೆಯನ್ನ ಅಡುಗೆಮನೆ ಮೇಜಿನ ಮೇಲೆ ಇಟ್ಟು, ಕತ್ತರಿಯಿಂದ ಟೇಪ್ ಕತ್ತರಿಸಿ, ಒಂದೊಂದಾಗಿ ತೆಗೆದು ಸಾಲಾಗಿ ಜೋಡಿಸಿದರು. ಫ್ವಾ ಗ್ರಾ ಅವರಿಗೆ ಸೇರಲ್ಲವಂತೆ, ಪಕ್ಕದ ಮನೆಯವರಿಗೆ ಕೊಟ್ಟು ವೈನ್ ತಗೋತಾರಂತೆ. ಚಾಕೊಲೇಟ್ ಮಗಳ ಕೈಗೆ ಇಟ್ಟರು. ಬೇಡ ಅಂದರೆ ಕೇಳಲಿಲ್ಲ. ಅವಳ ಫ್ರೆಂಚ್‌ನಲ್ಲಿ ಇಲ್ಲಿನ ಹಳ್ಳಿಯ ರಾಗ ಇದೆ ಅಂತ ಖುಷಿಪಟ್ಟರು. ನನ್ನ ಫ್ರೆಂಚ್ ಬಗ್ಗೆ ಮಾತಾಡಲಿಲ್ಲ!

ಈಗ ಪ್ರತಿ ಬುಧವಾರ, ಶಾಲೆ ಇಲ್ಲದ ಮಧ್ಯಾಹ್ನ, ಅವಳು ಅಲ್ಲಿಗೆ ಹೋಗುತ್ತಾಳೆ. ಇಬ್ಬರೂ ಇಸ್ಪೀಟ್ ಆಡುತ್ತಾರೆ. ಅಜ್ಜಿ ಮೋಸ ಮಾಡುತ್ತಾರೆ ಅಂತ ಬಂದು ದೂರು ಹೇಳುತ್ತಾಳೆ.