‘ವಿವರಣಾತ್ಮಕ’, ‘ತುಲನಾತ್ಮಕ’, ‘ಪ್ರಾಯೋಗಿಕ’: ಶಾಲಾ ವಿಜ್ಞಾನದ ಮೂರು ಬಗೆಯ ಅನ್ವೇಷಣೆಗಳಿಗೆ ಯಾವ ಹೆಸರು?

ಮಾನ್ಯರೇ,

ಹಿರಿಯ ಪ್ರಾಥಮಿಕ ಶಾಲೆಯ 6ರಿಂದ 8ನೇ ತರಗತಿಯವರೆಗಿನ ವಿಜ್ಞಾನ ಶಿಕ್ಷಕರಿಗಾಗಿ ಸಿದ್ಧವಾಗುತ್ತಿರುವ ಒಂದು ಕೈಪಿಡಿಯ ಕರಡನ್ನು ತಿದ್ದುತ್ತಿದ್ದೇನೆ. ಮಕ್ಕಳು ತಾವೇ ಕೈಗೊಳ್ಳಬಹುದಾದ ವೈಜ್ಞಾನಿಕ ಅನ್ವೇಷಣೆಗಳನ್ನು ಅದರ ಒಂದು ಅಧ್ಯಾಯ ಮೂರು ಬಗೆಯಾಗಿ ವಿಂಗಡಿಸುತ್ತದೆ. ಇದ್ದುದನ್ನು ಇದ್ದಂತೆ ಗಮನಿಸಿ ದಾಖಲಿಸುವುದು ಮೊದಲನೆಯದು. ಎರಡು ಗುಂಪುಗಳನ್ನೋ ಎರಡು ಸ್ಥಳಗಳನ್ನೋ ಒಂದೇ ಅಳತೆಯಿಂದ ಅಳೆದು ಹೋಲಿಸುವುದು ಎರಡನೆಯದು. ಒಂದು ಅಂಶವನ್ನು ಬೇಕೆಂದೇ ಬದಲಾಯಿಸಿ, ಉಳಿದವು ಬದಲಾಗದಂತೆ ನೋಡಿಕೊಂಡು, ಪರಿಣಾಮವೇನೆಂದು ಗಮನಿಸುವುದು ಮೂರನೆಯದು. ಅಮೆರಿಕದ ಟೆಕ್ಸಾಸ್ ರಾಜ್ಯದ ಶಾಲಾ ಪಠ್ಯಕ್ರಮವು ಈ ಮೂರನ್ನು ಹೆಸರಿಸಿಯೇ ಹೇಳುತ್ತದೆ. ನಮ್ಮ ಕರಡಿನಲ್ಲಿ ಇವು ‘ವಿವರಣಾತ್ಮಕ ತನಿಖೆ’, ‘ತುಲನಾತ್ಮಕ ತನಿಖೆ’, ‘ಪ್ರಾಯೋಗಿಕ ತನಿಖೆ’ ಎಂದಾಗಿವೆ. ಮೂರರ ಬಗೆಗೂ ನನಗೆ ತಕರಾರುಗಳಿವೆ. ಆದರೆ ಮೊದಲನೆಯದು ಬರಿಯ ಕಿವಿಗೆ ಒಗ್ಗದ ಪದವಲ್ಲ, ಅರ್ಥವನ್ನೇ ತಿರುವುಮುರುವು ಮಾಡುವ ಪದ ಎಂಬುದು ನನ್ನ ಅನಿಸಿಕೆ.

ಕನ್ನಡದಲ್ಲಿ ‘ವಿವರಣೆ’ ಎಂಬುದು ಎರಡು ಕೆಲಸಗಳನ್ನು ಒಟ್ಟಿಗೆ ಹೊತ್ತಿದೆ. ಕಳೆದುಹೋದ ಚೀಲದ ವಿವರ ಕೊಡಿ ಎಂದಾಗ ಅದು ಹೇಗಿತ್ತು ಎಂದಷ್ಟೇ ಹೇಳುತ್ತೇವೆ. ಚೀಲ ಕಳೆದುಹೋದದ್ದಕ್ಕೆ ವಿವರಣೆ ಕೊಡಿ ಎಂದಾಗ ಕಾರಣವನ್ನು ಹೇಳಬೇಕಾಗುತ್ತದೆ. ಕಚೇರಿಗಳಲ್ಲಿ ‘ವಿವರಣೆ ಕೇಳಿ’ ನೋಟಿಸ್ ಕೊಡುವುದು ಈ ಅರ್ಥದಲ್ಲಿಯೇ. ಪ್ರಶ್ನೆಪತ್ರಿಕೆಯಲ್ಲಿ ‘ವಿವರಿಸಿ’ ಎಂದು ಕಂಡರೆ, ಹೇಗೆ ಮತ್ತು ಏಕೆ ಎರಡನ್ನೂ ಬರೆಯಬೇಕು ಎಂದು ನಮ್ಮ ಮಕ್ಕಳು ರೂಢಿಯಿಂದಲೇ ತಿಳಿದಿದ್ದಾರೆ. ಆದರೆ ಮೊದಲನೆಯ ಬಗೆಯ ಅನ್ವೇಷಣೆಗೆ ಇರುವ ಮುಖ್ಯ ಮಿತಿಯೇ, ಅದು ‘ಏಕೆ’ ಎಂಬುದಕ್ಕೆ ಉತ್ತರ ಹೇಳಲಾರದು ಎನ್ನುವುದು. ಅದಕ್ಕೆ ‘ವಿವರಣಾತ್ಮಕ’ ಎಂದು ಹೆಸರಿಟ್ಟರೆ, ಅದು ಏನನ್ನು ಮಾಡಲಾರದೋ ಅದನ್ನೇ ಹೆಸರಿನಲ್ಲಿ ವಾಗ್ದಾನ ಮಾಡಿದಂತಾಗುತ್ತದೆ.

ಕರಡಿನಲ್ಲಿರುವ ಹೊಂಗೆ ಎಲೆಯ ಉದಾಹರಣೆಯನ್ನೇ ನೋಡಬಹುದು. ಹೊಂಗೆಯ ಎಲೆಗಳ ಮೇಲೆ ಹಸಿರು ಗಂಟುಗಳು ಏಳುವುದನ್ನು ಎಲ್ಲರೂ ಕಂಡಿರುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ನುಸಿ, ಅಂದರೆ ತೆಂಗಿನ ನುಸಿಯ ಹತ್ತಿರದ ನೆಂಟ, ಅವಕ್ಕೆ ಕಾರಣ. ಶಾಲೆಯ ಅಂಗಳದ ಮರದಿಂದ ಎಲೆಗಳನ್ನು ಆಯ್ದು, ಒಂದೊಂದರ ಮೇಲೂ ಎಷ್ಟು ಗಂಟುಗಳಿವೆ, ಅವು ಅಂಚಿನಲ್ಲಿವೆಯೋ ನಡುನರದ ಬಳಿಯಲ್ಲಿವೆಯೋ, ಎಳೆಯ ಎಲೆಯಲ್ಲಿ ಹೆಚ್ಚೋ ಬಲಿತ ಎಲೆಯಲ್ಲಿ ಹೆಚ್ಚೋ ಎಂದು ಪಟ್ಟಿ ಮಾಡುವುದು ಮೊದಲನೆಯ ಬಗೆ. ಇದು ಸುಲಭವೆಂದು ತೋರಿದರೂ ಸುಲಭವಲ್ಲ: ಹೊಂಗೆಯದು ಸಂಯುಕ್ತ ಎಲೆಯಾದ್ದರಿಂದ, ‘ಒಂದು ಎಲೆ’ ಎಂದರೆ ಇಡೀ ತೊಟ್ಟೋ ಅದರಲ್ಲಿರುವ ಐದಾರು ಕಿರುಎಲೆಗಳಲ್ಲಿ ಒಂದೋ ಎಂಬುದನ್ನು ಎಣಿಕೆಗೆ ಮೊದಲೇ ನಿರ್ಧರಿಸಬೇಕು, ಇಲ್ಲವಾದರೆ ಇಬ್ಬರು ಮಕ್ಕಳ ಪಟ್ಟಿಗಳು ತಾಳೆಯಾಗುವುದಿಲ್ಲ. ಇದೇ ಎಣಿಕೆಯನ್ನು ರಸ್ತೆಬದಿಯ ಹೊಂಗೆಗೂ ಮಾಡಿ, ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಎರಡನೆಯ ಬಗೆ. ರಸ್ತೆಬದಿಯ ಮರದಲ್ಲಿ ಗಂಟುಗಳು ಹೆಚ್ಚಿದ್ದರೆ ಅದಕ್ಕೆ ಧೂಳೇ ಕಾರಣವೆಂದು ಮಕ್ಕಳು ಕೂಡಲೇ ಬರೆಯುತ್ತಾರೆ, ಶಿಕ್ಷಕರೂ ಸರಿ ಎಂದು ಗುರುತು ಹಾಕುತ್ತಾರೆ. ಆದರೆ ಆ ಎರಡು ಮರಗಳ ನಡುವೆ ಧೂಳಿನ ಜೊತೆಗೆ ವಯಸ್ಸು, ನೀರು, ಕೊಂಬೆ ಕಡಿದ ಕಾಲ ಮುಂತಾದ ಇನ್ನೆಷ್ಟೋ ವ್ಯತ್ಯಾಸಗಳಿರಬಹುದು. ಧೂಳನ್ನೇ ಪರೀಕ್ಷಿಸಬೇಕಾದರೆ, ಒಂದೇ ವಯಸ್ಸಿನ ಸಸಿಗಳನ್ನು ಒಂದೇ ಕಡೆ ಬೆಳೆಸಿ, ಅರ್ಧಕ್ಕೆ ಮಾತ್ರ ಧೂಳು ಎರಚಿ ಕಾಯಬೇಕು. ಅದು ಮೂರನೆಯ ಬಗೆ. ಯಾವ ಬಗೆಯಿಂದ ಎಷ್ಟರ ಮಟ್ಟಿಗಿನ ತೀರ್ಮಾನಕ್ಕೆ ಬರಬಹುದು ಎಂಬುದೇ ಈ ವಿಂಗಡಣೆಯ ಹುರುಳಾಗಿರುವಾಗ, ಅದನ್ನು ಮರೆಮಾಚುವ ಹೆಸರು ಏಕೆ ಬೇಕು?

‘ವಿವರಣಾತ್ಮಕ’ಕ್ಕೆ ಬದಲಾಗಿ ‘ವರ್ಣನಾತ್ಮಕ’ ಎನ್ನಬಹುದು; ಭಾಷಾವಿಜ್ಞಾನದ ಬರಹಗಳಲ್ಲಿ ‘ವರ್ಣನಾತ್ಮಕ ವ್ಯಾಕರಣ’ ಎಂಬ ಬಳಕೆ ಮೊದಲಿನಿಂದಲೂ ಇದೆ, ಅಲ್ಲಿ ಅದರ ಅರ್ಥವೂ ಇಲ್ಲಿ ಬೇಕಾದುದೇ: ಭಾಷೆ ಹೇಗಿರಬೇಕು ಎನ್ನದೆ, ಹೇಗಿದೆ ಎಂದು ಹೇಳುವುದು. ಆದರೆ ಅದೇ ಮಕ್ಕಳು ಕನ್ನಡ ತರಗತಿಯಲ್ಲಿ ‘ವರ್ಣನೆ’ಯನ್ನು ಕವಿಯ ಕೆಲಸವಾಗಿ ಕಲಿಯುತ್ತಾರೆ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳ ಪರಂಪರೆಯುಳ್ಳ ಭಾಷೆಯಲ್ಲಿ, ಹೊಂಗೆ ಮರವನ್ನು ವರ್ಣಿಸು ಎಂದರೆ ಗಂಟುಗಳನ್ನು ಎಣಿಸುವ ಮಗು ವಿರಳ. ‘ಅವಲೋಕನಾತ್ಮಕ’ ಎಂಬ ಸಲಹೆಯೂ ಬಂದಿದೆ. ಅವಲೋಕನ ಮೂರೂ ಬಗೆಗಳಿಗೆ ಸಮಾನವಾದುದರಿಂದ ಅದು ಭೇದವನ್ನು ತೋರಿಸುವುದಿಲ್ಲ. ಸದ್ಯಕ್ಕೆ ನನ್ನ ಒಲವು ‘ದಾಖಲೆಯ ಅನ್ವೇಷಣೆ’ ಎಂಬುದರ ಕಡೆಗಿದೆ. ಹಳೆಯ ಕಡತಗಳನ್ನು ಹುಡುಕುವುದು ಎಂಬ ಅರ್ಥವೂ ಅದಕ್ಕೆ ಬರಬಹುದು ಎಂಬ ಆಕ್ಷೇಪ ಇದೆ, ಅದರಲ್ಲಿ ಹುರುಳಿಲ್ಲದಿಲ್ಲ.

‘ತುಲನಾತ್ಮಕ’ದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ತೌಲನಿಕ’ ವಿಶ್ವವಿದ್ಯಾಲಯದ ಮಾತು. ‘ಹೋಲಿಕೆ’ಗೆ ಸಾಮ್ಯ ಎಂಬ ಅರ್ಥವೂ ಇರುವುದರಿಂದ ವ್ಯತ್ಯಾಸ ಹುಡುಕುವ ಕೆಲಸಕ್ಕೆ ಅದು ಅರೆಮನಸ್ಸಿನಿಂದ ಒಗ್ಗುತ್ತದೆ. ‘ಹೋಲಿಸಿ ನೋಡುವ ಅನ್ವೇಷಣೆ’ ಎಂದರೆ ಸಾಕೆನಿಸುತ್ತದೆ. ಹೋಲಿಸಿ ನೋಡುವುದು ಕೆಳಮಟ್ಟದ ವಿಜ್ಞಾನವೆಂಬ ಭಾವನೆ ಬಾರದಂತೆ ಮಾತ್ರ ಎಚ್ಚರ ವಹಿಸಬೇಕು. 1854ರ ಲಂಡನ್ನಿನ ಕಾಲರಾದಲ್ಲಿ ವೈದ್ಯ ಜಾನ್ ಸ್ನೋ ಮಾಡಿದ್ದು ಇದನ್ನೇ. ನಗರದ ದಕ್ಷಿಣ ಭಾಗದ ಒಂದೇ ಬೀದಿಗಳಲ್ಲಿ ಎರಡು ಕಂಪನಿಗಳ ಕೊಳಾಯಿಗಳಿದ್ದವು. ಲ್ಯಾಂಬೆತ್ ಕಂಪನಿ ಎರಡು ವರ್ಷ ಮೊದಲೇ ಥೇಮ್ಸ್ ನದಿಯ ಮೇಲ್ಭಾಗದಿಂದ ನೀರೆತ್ತಲು ತೊಡಗಿತ್ತು, ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ನಗರದ ಕೊಳಚೆ ಸೇರುವ ಭಾಗದಿಂದಲೇ ಎತ್ತುತ್ತಿತ್ತು. ಸಾಂಕ್ರಾಮಿಕದ ಮೊದಲ ಏಳು ವಾರಗಳಲ್ಲಿ ಪ್ರತಿ ಹತ್ತು ಸಾವಿರ ಮನೆಗಳಿಗೆ ಲ್ಯಾಂಬೆತ್ ನೀರು ಬಳಸಿದವರಲ್ಲಿ 37, ಇನ್ನೊಂದರಲ್ಲಿ 315 ಸಾವುಗಳೆಂದು ಅವನು ಲೆಕ್ಕ ಹಾಕಿದ. ತಮ್ಮ ಮನೆಗೆ ಯಾವ ಕಂಪನಿಯ ನೀರು ಬರುತ್ತದೆಂದು ಎಷ್ಟೋ ಮಂದಿಗೆ ತಿಳಿದಿರಲಿಲ್ಲವಾದ್ದರಿಂದ, ಅವನು ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿ, ಏಳುವ ಬಿಳಿಯ ಪ್ರಕ್ಷೇಪದಿಂದ ಉಪ್ಪಿನ ಪ್ರಮಾಣವನ್ನು ಅಂದಾಜಿಸಿ ಕಂಪನಿಯನ್ನು ಪತ್ತೆ ಮಾಡುತ್ತಿದ್ದ. ಅವನು ಯಾರ ನೀರನ್ನೂ ಬದಲಾಯಿಸಲಿಲ್ಲ. ಮೊದಲೇ ಇದ್ದ ವ್ಯತ್ಯಾಸವನ್ನು ಅಳೆದ, ಅಷ್ಟೆ.

ಇನ್ನು ‘ಪ್ರಾಯೋಗಿಕ’. ಮೆಟ್ರೋ ರೈಲಿನ ಪ್ರಾಯೋಗಿಕ ಸಂಚಾರ, ಪಿಯುಸಿಯ ಪ್ರಾಯೋಗಿಕ ಪರೀಕ್ಷೆ ಎಂಬ ಬಳಕೆಗಳಲ್ಲಿ ಈ ಪದಕ್ಕೆ ‘ಪರೀಕ್ಷಾರ್ಥವಾದ’ ಮತ್ತು ‘ಕೈಯಾರೆ ಮಾಡುವ’ ಎಂಬ ಅರ್ಥಗಳು ನೆಲೆನಿಂತಿವೆ. ಎರಡನೆಯ ಅರ್ಥದಲ್ಲಿ ಹೊಂಗೆ ಎಲೆಯನ್ನು ಎಣಿಸುವುದೂ ಪ್ರಾಯೋಗಿಕವೇ. ಹಾಗಾಗಿ ‘ಪ್ರಯೋಗ’ ಎಂಬ ನಾಮಪದವನ್ನೇ ಉಳಿಸಿಕೊಂಡು, ‘ಒಂದನ್ನು ಬದಲಾಯಿಸಿ ನೋಡುವುದಕ್ಕೆ ಮಾತ್ರ ಪ್ರಯೋಗ ಎನ್ನಿ’ ಎಂದು ಕೈಪಿಡಿಯಲ್ಲಿ ಕಟ್ಟುನಿಟ್ಟಾಗಿ ಹೇಳುವುದು ಒಳ್ಳೆಯದೆಂದು ನನ್ನ ಮತ. ಮಾಂಸದಲ್ಲಿ ಹುಳುಗಳು ತಾವಾಗಿಯೇ ಹುಟ್ಟುತ್ತವೆಯೇ ಎಂದು ಪರೀಕ್ಷಿಸಲು ಇಟಲಿಯ ವಿಜ್ಞಾನಿ ಫ್ರಾಂಚೆಸ್ಕೊ ರೆಡಿ ಮಾಡಿ, 1668ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ತಕ್ಕುದಾಗಿದೆ: ತೆರೆದ ಪಾತ್ರೆಯ ಮಾಂಸದಲ್ಲಿ ಹುಳುಗಳು ಕಂಡವು, ಮುಚ್ಚಿದ ಪಾತ್ರೆಯಲ್ಲಿ ಕಾಣಲಿಲ್ಲ. ಗಾಳಿಯಿಲ್ಲದ್ದರಿಂದ ಹೀಗಾಯಿತೆಂಬ ವಾದಕ್ಕೆ ಎಡೆಯಿರಬಾರದೆಂದು ಅವನು ತೆಳುಬಟ್ಟೆ ಕಟ್ಟಿದ ಪಾತ್ರೆಗಳನ್ನೂ ಇಟ್ಟ. ಗಾಳಿ ಒಳಗೆ ಹೋಯಿತು, ನೊಣ ಹೋಗಲಿಲ್ಲ, ಮಾಂಸದಲ್ಲಿ ಹುಳುವೂ ಆಗಲಿಲ್ಲ.

ಈ ಬಗೆಗೆ ಸೇರಿದ ‘ಸ್ವತಂತ್ರ ಚರ’, ‘ಅವಲಂಬಿತ ಚರ’, ‘ನಿಯಂತ್ರಿತ ಚರ’ಗಳನ್ನು ಕೈಬಿಡಬಹುದೆಂಬುದು ನನ್ನ ಇನ್ನೊಂದು ಸೂಚನೆ. ‘ಬದಲಾಯಿಸುವುದು’, ‘ಬದಲಾಗುವುದು’, ‘ಬದಲಾಗದಂತೆ ನೋಡಿಕೊಳ್ಳುವುದು’ ಎಂದರೆ 6ನೇ ತರಗತಿಯ ಮಗುವಿಗೂ ಮೂರರ ಭೇದ ಕ್ರಿಯಾಪದದ ರೂಪದಿಂದಲೇ ತಿಳಿಯುತ್ತದೆ. ಕನ್ನಡದ ‘ಇಸು’ ಪ್ರತ್ಯಯ ಇಲ್ಲಿ ಮಾಡುವ ಕೆಲಸವನ್ನು ಯಾವ ಪಾರಿಭಾಷಿಕ ಪದವೂ ಇಷ್ಟು ಚೊಕ್ಕವಾಗಿ ಮಾಡಲಾರದು. ‘ಚರ’ವನ್ನು ಪ್ರೌಢಶಾಲೆಯ ಬೀಜಗಣಿತಕ್ಕೆ ಬಿಡೋಣ.

‘ತನಿಖೆ’ಯನ್ನಂತೂ ಪೊಲೀಸರಿಗೇ ಬಿಟ್ಟುಕೊಡಬೇಕು. ‘ಪರಿಶೋಧನೆ’ ಲೆಕ್ಕಪತ್ರದವರ ಸ್ವತ್ತಾಗಿದೆ. ‘ಶೋಧನೆ’ ಚೆನ್ನಾಗಿದೆ, ಆದರೆ ನೀರು ಶೋಧಿಸುವ ಪಾಠ ಅದೇ ತರಗತಿಗಳಲ್ಲಿ ಇರುವುದರಿಂದ ಗೊಂದಲವಾದೀತು. ಉಳಿದವುಗಳಲ್ಲಿ ‘ಅನ್ವೇಷಣೆ’ ಕಡಿಮೆ ತೊಡಕಿನದೆಂದು ಈ ಪತ್ರದಲ್ಲಿ ಅದನ್ನೇ ಬಳಸಿದ್ದೇನೆ.

ಅಚ್ಚಗನ್ನಡದ ಸಲಹೆಗಳಿಗೂ ಸ್ವಾಗತವಿದೆ; ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾದಾಗ ಮೇಲ್ವಿಚಾರಕರನ್ನು ಕರೆದು ಅರ್ಥ ಕೇಳುವಂತಿರಬಾರದು ಎಂಬುದಷ್ಟೇ ನನ್ನ ಷರತ್ತು. ವಿಶೇಷವಾಗಿ, ಕಾಸರಗೋಡಿನಲ್ಲಿ ಕೇರಳದ ಕನ್ನಡ ಮಾಧ್ಯಮದ ಪಠ್ಯಗಳನ್ನು, ಅಕ್ಕಲಕೋಟೆ ಮತ್ತು ಜತ್ತದ ಕಡೆ ಮಹಾರಾಷ್ಟ್ರದ ಕನ್ನಡ ಪಠ್ಯಗಳನ್ನು ಕಲಿಸುವ ಸದಸ್ಯರು, ತಮ್ಮ ವಿಜ್ಞಾನ ಪುಸ್ತಕಗಳಲ್ಲಿ ಮೊದಲನೆಯ ಬಗೆಗೆ ‘ವಿವರಣೆ’ಯ ಹೊರತಾದ ಪದವೇನಾದರೂ ಬಳಕೆಯಲ್ಲಿದ್ದರೆ, ಅದು ಬಂದಿರುವ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.