ಮೂತ್ರಪಿಂಡದ ಅಭಿಧಮನಿಯಲ್ಲಿ ಹೆಪ್ಪು: ಡಾಪ್ಲರ್ ವರದಿ ಸರಿಯಿದ್ದರೆ ಸಾಕೇ?

ಪ್ರಶ್ನೆ:
ನಮ್ಮ ಅಣ್ಣನವರಿಗೆ ಮೆಂಬ್ರೇನಸ್ ನೆಫ್ರೋಪತಿ (ಮೂತ್ರಪಿಂಡದ ಸೋಸುವ ಪದರ ಕೆಟ್ಟು ಪ್ರೋಟೀನ್ ಸೋರುವ ಕಾಯಿಲೆ) ಇರುವುದು ಬಯಾಪ್ಸಿಯಿಂದ ಖಚಿತವಾಗಿದೆ. ಮೂತ್ರದಲ್ಲಿ ಪ್ರೋಟೀನ್ ಬಹಳ ಹೋಗುತ್ತಿದ್ದು, ರಕ್ತದ ಮುಖ್ಯ ಪ್ರೋಟೀನ್ ಆದ ಆಲ್ಬುಮಿನ್ 2.1ಕ್ಕೆ (ಗ್ರಾಂ/ಡೆಸಿಲೀಟರ್) ಇಳಿದಿದೆ. ಈಚೆಗೆ ಎಡಪಕ್ಕೆಯಲ್ಲಿ ತೀವ್ರ ನೋವು ಬಂದು ಮೂತ್ರ ಕೆಂಪಗಾಯಿತು. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಕಲ್ಲೂ ಇಲ್ಲ, ಹೆಪ್ಪೂ ಕಾಣುವುದಿಲ್ಲ ಎಂದು ಬರೆದಿದ್ದಾರೆ. ಇಷ್ಟಕ್ಕೇ ನಿಶ್ಚಿಂತರಾಗಬಹುದೇ? ಹೆಪ್ಪಿದ್ದರೆ ಔಷಧ ಎಷ್ಟು ಕಾಲ ಬೇಕು?

ಉತ್ತರ 1:
ನೀವು ಹೇಳಿದ ಲಕ್ಷಣಗಳಿರುವಾಗ ಡಾಪ್ಲರ್ ಒಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ಮೂತ್ರಪಿಂಡದಿಂದ ರಕ್ತವನ್ನು ಹೊರಕ್ಕೊಯ್ಯುವ ಅಭಿಧಮನಿಗಳು ಹೊಟ್ಟೆಯ ಆಳದಲ್ಲಿರುವುದರಿಂದ ಕರುಳಿನ ಗಾಳಿ ಅಡ್ಡವಾದರೂ ಹೆಪ್ಪು ಕಾಣದೆ ಹೋಗಬಹುದು, ಸಿ.ಟಿ. ವೆನೋಗ್ರಾಮ್ (ಅಭಿಧಮನಿಗಳನ್ನು ತೋರಿಸುವ ಸಿ.ಟಿ. ಸ್ಕ್ಯಾನ್) ಹೆಚ್ಚು ನಂಬಲರ್ಹ. ಅದಕ್ಕೆ ನಾಳಗಳು ಸ್ಪಷ್ಟವಾಗಿ ಕಾಣಲು ಚುಚ್ಚುವ ಕಾಂಟ್ರಾಸ್ಟ್ ದ್ರವ ಬೇಕಾದ್ದರಿಂದ, ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ನೋಡಿಕೊಂಡು ವೈದ್ಯರು ನಿರ್ಧರಿಸುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಂಟಿಥ್ರಾಂಬಿನ್ ಕೂಡ ಆಲ್ಬುಮಿನ್ ಜೊತೆಗೇ ಮೂತ್ರದಲ್ಲಿ ಸೋರಿಹೋಗುತ್ತದೆ, ಇತ್ತ ಯಕೃತ್ತು ಫೈಬ್ರಿನೋಜೆನ್ ಅನ್ನು ಹೆಚ್ಚಾಗಿ ತಯಾರಿಸುತ್ತದೆ; ಹೀಗೆ ಪ್ರೋಟೀನ್ ಬಹಳ ಸೋರುವ ನೆಫ್ರೋಟಿಕ್ ಕಾಯಿಲೆಗಳಲ್ಲಿ ಮೆಂಬ್ರೇನಸ್ ಬಗೆಗೇ ಈ ಅಪಾಯ ಹೆಚ್ಚು. ಹೆಪ್ಪಿನ ಸುಳಿವು ನೀಡುವ ಡಿ-ಡೈಮರ್ ಎಂಬ ರಕ್ತಪರೀಕ್ಷೆಯ ಮಟ್ಟ ಈ ರೋಗಿಗಳಲ್ಲಿ ಹೆಪ್ಪಿಲ್ಲದೆಯೂ ಏರಿರಬಹುದು. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಎದೆ ನೋವು ಬಂದರೆ ಬೆಳಗಾಗುವವರೆಗೆ ಕಾಯಬೇಡಿ, ಹೆಪ್ಪಿನ ತುಣುಕು ಶ್ವಾಸಕೋಶಕ್ಕೆ ಹೋಗಿರಬಹುದು.

ಪ್ರಶ್ನೆ ಕೇಳಿದವರು:
ಈಗ ನೋವು ಬಹುಮಟ್ಟಿಗೆ ತಗ್ಗಿದೆ. ಮುಂದಿನ ಭೇಟಿಯವರೆಗೆ ಕಾಯಬಹುದೇ?

ಉತ್ತರ 2:
ಬೇಡ. ಮುಖ್ಯ ನಾಳ ಮುಚ್ಚಿದರೂ ಅಕ್ಕಪಕ್ಕದ ಸಣ್ಣ ನಾಳಗಳು ಹಿಗ್ಗಿ ರಕ್ತಕ್ಕೆ ದಾರಿ ಮಾಡಿಕೊಡುವುದರಿಂದ, ಅದರಲ್ಲೂ ಎಡಭಾಗದಲ್ಲಿ, ಹೆಪ್ಪು ಇದ್ದಂತೆಯೇ ನೋವು ಶಮನವಾಗಬಹುದು. ನಿಧಾನವಾಗಿ ಬೆಳೆಯುವ ಹೆಪ್ಪಿಗಂತೂ ಎಷ್ಟೋ ಸಲ ನೋವೇ ಇರುವುದಿಲ್ಲ.

ಹೆಪ್ಪು ಖಚಿತವಾದರೆ ಸಾಮಾನ್ಯವಾಗಿ ಮೊದಲು ಹೆಪಾರಿನ್ ಚುಚ್ಚುಮದ್ದು, ಬಳಿಕ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) 2ರಿಂದ 3ರ ನಡುವೆ ಇರುವಂತೆ ಹೆಪ್ಪುತಡೆ ಮಾತ್ರೆಯಾದ ವಾರ್ಫರಿನ್ ಕೊಡುತ್ತಾರೆ. ಹೆಪಾರಿನ್ ಕೆಲಸ ಮಾಡುವುದೇ ಆಂಟಿಥ್ರಾಂಬಿನ್ ಮೂಲಕವಾದ್ದರಿಂದ ಇಂಥವರಿಗೆ ಕೆಲವೊಮ್ಮೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಅವಧಿ ವಾಡಿಕೆಯಲ್ಲಿ 6ರಿಂದ 12 ತಿಂಗಳು; ಆದರೆ ನನ್ನ ದೃಷ್ಟಿಯಲ್ಲಿ ಕ್ಯಾಲೆಂಡರಿಗಿಂತ ಆಲ್ಬುಮಿನ್ ನೋಡುವುದೇ ಮುಖ್ಯ, ಏಕೆಂದರೆ ಪ್ರೋಟೀನ್ ಸೋರಿಕೆ ನಿಲ್ಲದೆ ಔಷಧ ನಿಲ್ಲಿಸಿದರೆ ಹೆಪ್ಪು ಮರುಕಳಿಸುವ ಸಾಧ್ಯತೆಯಿದೆ. ಹೆಪ್ಪನ್ನು ಕರಗಿಸುವ ಅಥವಾ ತೆಗೆಯುವ ಚಿಕಿತ್ಸೆಯನ್ನು ಎರಡೂ ಮೂತ್ರಪಿಂಡಗಳ ನಾಳಗಳು ಒಮ್ಮೆಗೇ ಮುಚ್ಚಿಕೊಂಡಂಥ ಗಂಭೀರ ಸಂದರ್ಭಗಳಿಗೆ ಮೀಸಲಿಡುತ್ತಾರೆ.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಎಡ ವೃಷಣದ ರಕ್ತನಾಳ ಎಡ ಮೂತ್ರಪಿಂಡದ ಅಭಿಧಮನಿಗೇ ಬಂದು ಸೇರುವುದರಿಂದ, ಆ ಭಾಗದಲ್ಲಿ ಹೊಸದಾಗಿ ಊತ ಕಂಡಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಲಿ. ಪಕ್ಕೆನೋವಿಗೆಂದು ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವಾಗಿಯೇ ನುಂಗುವುದು ಬೇಡ. ಅವು ಮೂತ್ರಪಿಂಡಕ್ಕೂ ಕೆಡುಕು, ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯವನ್ನೂ ಹೆಚ್ಚಿಸುತ್ತವೆ.