ಅಪ್‌ಡೇಟ್: ಮಡಿಕೇರಿ ಬಿಟ್ಟು ಮೈಸೂರಿಗೆ ಹೋಗೋದಾ ಅಂತ ಕೇಳಿದ್ದೆ

ಮೈಸೂರಲ್ಲಿ ಕೆಲಸ ಸಿಕ್ಕಿದೆ, ಮನೆಮಂದಿಯೆಲ್ಲ ಹೋಗೋಣವಾ ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ನಾವು ಹೋಗುತ್ತಿದ್ದೇವೆ. ಅಪ್ಪ ಅಮ್ಮ ಬರುವುದಿಲ್ಲ.

ದಿನಾ ಓಡಾಡಿ ಎಂದು ಕೆಲವರು ಹೇಳಿದ್ದಿರಿ. ಒಂದು ಕಡೆಗೇ ಸುಮಾರು 120 ಕಿ.ಮೀ., ಕೊಡಗಿಗೆ ರೈಲೂ ಇಲ್ಲ. ಮಳೆಗಾಲದಲ್ಲಂತೂ ಆಗದ ಮಾತು. ಮಗಳ ಕಾಲೇಜಿಗೂ ಮೈಸೂರೇ ಅನುಕೂಲ. ಬಾಡಿಗೆ, ಅಡ್ವಾನ್ಸ್ ಅಂತ ಖರ್ಚು ಜಾಸ್ತಿ. ಸೆಕೆ ಬಗ್ಗೆ ಕೇಳಲೇಬೇಡಿ.

ನಿಜಕ್ಕೂ ತಲೆ ಕೆಡಿಸಿದ್ದು ನಮ್ಮ ಕಾಫಿ ತೋಟ. ಅರೇಬಿಕಾ ಕೊಯ್ಲು ಮುಗಿಯುವಷ್ಟರಲ್ಲಿ ರೋಬಸ್ಟಾ ಹಣ್ಣಾಗಿರುತ್ತದೆ. ಅದು ಮುಗಿದರೆ ಹೂಮಳೆಯ, ಅಂದರೆ ಕಾಫಿ ಹೂ ಅರಳಲು ಬೇಕಾದ ಮಳೆಯ ಚಿಂತೆ. ಮಳೆ ಕೈಕೊಟ್ಟರೆ ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕಬೇಕು. ಇದನ್ನೆಲ್ಲ ಫೋನಲ್ಲೇ ಮಾಡಿಸೋಕಾಗಲ್ಲ, ಅಲ್ವಾ? ತೋಟ ಗುತ್ತಿಗೆಗೆ ಕೊಡುವ ಸಲಹೆಯನ್ನು ಅಪ್ಪನ ಮುಂದಿಟ್ಟೆ. "2018ರಲ್ಲಿ ಗುಡ್ಡ ಕುಸಿದಾಗಲೇ ಬಿಡಲಿಲ್ಲ, ಈಗ್ಯಾಕೆ?" ಎಂದರು. ಆ ಮಾತು ಅಲ್ಲಿಗೇ ನಿಂತಿತು.

ಹಾಗಾಗಿ ಕೊಯ್ಲಿನ ಸಮಯಕ್ಕೆ ನಾನು ರಜೆ ಹಾಕಿ ಬರುವುದು, ಉಳಿದಂತೆ ಅಪ್ಪನದೇ ಕಾರುಬಾರು. ವಯಸ್ಸಾಗುತ್ತಿದೆ, ಈ ಏರ್ಪಾಡು ಎಷ್ಟು ವರ್ಷ ನಡೆಯುತ್ತದೋ ನೋಡಬೇಕು. ಸದ್ಯ ಹುಣಸೂರು ರಸ್ತೆಯಲ್ಲಿ, ಹಿನಕಲ್ ಆಚೀಚೆ ಮನೆ ನೋಡುತ್ತಿದ್ದೇವೆ. ಊರಿಗೆ ಹೊರಟರೆ ಮೈಸೂರಿನ ಟ್ರಾಫಿಕ್ ದಾಟುವ ಗೋಳಿಲ್ಲ. ಆ ಕಡೆ ಬಾಡಿಗೆ ಮನೆ ಗೊತ್ತಿದ್ದರೆ ತಿಳಿಸಿ.